ಹಸಿ ಮರಗಳು ಬೀಳುತ್ತಿದ್ದ ಬೇಸಿಗೆ

ಅಮ್ಮನಿಗೆ ಅರಳುಮರುಳು ಶುರುವಾಯಿತೇನೋ ಎಂಬ ಅನುಮಾನ, ಊರವರು ತೋಪಿನ ಮೇಡಂ ಎನ್ನುತ್ತಿದ್ದ ಮಗಳಿಗೆ ಬಂದದ್ದು ಆ ಬೇಸಿಗೆಯ ಮೊದಲಲ್ಲಿ. ಬೆಳಗ್ಗೆ ಎದ್ದು ಮುಖಕ್ಕೆ ನೀರು ಸೋಕಿಸುವ ಮುಂಚೆಯೇ ಅಮ್ಮ ಅಡುಗೆಮನೆಗೆ ಹೋಗಿ ಸ್ಟೌವಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಆಮೇಲೆ ಬಾಗಿಲ ಸಂದಿಗೆ ಮೂಗು ಕೊಟ್ಟು ನಿಲ್ಲುತ್ತಿದ್ದಳು.

"ಏನೋ ಸೀದು ಹೋಗ್ತಾ ಇದೆ ಕಣೇ."

"ಏನೂ ಸೀಯ್ತಿಲ್ಲಮ್ಮ. ಇನ್ನೂ ಒಲೇನೇ ಹಚ್ಚಿಲ್ಲ."

"ಒಲೆ ಹಚ್ಚದೆ ವಾಸನೆ ಎಲ್ಲಿಂದ ಬರುತ್ತೆ? ಬೇಕರಿ ನಡೆಸಿದೋಳಿಗೆ ವಾಸನೆ ಪಾಠ ಹೇಳ್ಕೊಡ್ಬೇಡ ನೀನು."

ಅಮ್ಮ ಬೇಕರಿ ನಡೆಸಿದ್ದು ನಿಜ. ಆ ಬೇಕರಿಯ ಒಲೆಯ ಎದುರು ನಿಂತೇ ಮಗಳನ್ನೂ ಮಗನನ್ನೂ ಓದಿಸಿದ್ದಳು. ಬೇಕರಿ ಮುಚ್ಚಿ ಕಾಲವಾಗಿತ್ತು. ಮಗಳಿಗೆ ಮದುವೆಯ ಗೊಡವೆ ಬೇಕಿರಲಿಲ್ಲ, ಅಮ್ಮನಿಗೆ ಮಗಳನ್ನು ಬಿಟ್ಟು ಇರಲು ಆಗುತ್ತಿರಲಿಲ್ಲ. ಹಾಗಾಗಿ ಕಂಪನಿ ಕೊಟ್ಟ ಮನೆಯಲ್ಲಿ ತಾಯಿ ಮಗಳು ಜಗಳವಾಡಿಕೊಂಡು ಸುಖವಾಗಿದ್ದರು. ಆದರೆ ಈ ಸೀದ ವಾಸನೆಯ ಗುಂಗು ದಿನ ಕಳೆದಂತೆ ಹೆಚ್ಚಿದಾಗ ಮಗಳಿಗೆ ಭಯವಾಯಿತು. ಕೆಲಸಕ್ಕೆ ಹೊರಡುವಾಗ ಸಿಲಿಂಡರಿನ ವಾಲ್ವ್ ತಿರುಗಿಸಿ, ಬೆಂಕಿಪೊಟ್ಟಣವನ್ನು ಅಮ್ಮನ ಕೈಗೆ ಎಟುಕದ ಮೇಲಿನ ಅಟ್ಟಕ್ಕೆ ಸೇರಿಸತೊಡಗಿದಳು. ಅಮ್ಮ ಅದನ್ನು ನೋಡಿಯೂ ನೋಡದವಳಂತೆ ಇದ್ದುಬಿಟ್ಟಳು. ಜಗಳಕ್ಕೆ ಬಂದಿದ್ದರೆ ಮಗಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮನೆಯಿಂದ ಹೊರಟರೆ ಮೊದಲು ಕಾಲೊನಿಯ ಬೀದಿಗಳು, ಶಾಲೆ, ಅದರ ಆಟದ ಮೈದಾನ, ಆಮೇಲೆ ದೊಡ್ಡ ಕಾಲುವೆ. ಕಾಲುವೆ ದಾಟಿದರೆ ಅವಳ ತೋಪು. ಆ ಇಡೀ ಸೀಮೆ ಹಿಂದೆ ಜೌಗು ನೆಲ. ಯುಗಯುಗಗಳಿಂದ ಸತ್ತ ಹುಲ್ಲು, ಜೊಂಡು, ಹಾವಸೆ ನೀರಿನಡಿಯಲ್ಲಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು, ಆಳುದ್ದಕ್ಕೂ ಮೀರಿದ ಕಪ್ಪು ಮೆತ್ತನೆ ಮಣ್ಣಾಗಿತ್ತು. ಯಾರ ಕಾಲದಲ್ಲೋ ಕಾಲುವೆ ತೋಡಿ ನೀರನ್ನು ಹೊರಗೆ ಹರಿಸಿದರು. ಒಣಗಿದ ಒಂದು ಅಂಚಿನಲ್ಲಿ ಮನೆಗಳೆದ್ದವು. ಉಳಿದದ್ದರಲ್ಲಿ ಅರ್ಧವನ್ನು ಕಂಪನಿಯೊಂದು ತೆಗೆದುಕೊಂಡು, ಭೂಮಿಯ ಬಿಸಿ ಇಳಿಸುತ್ತೇವೆಂದು ಬೇಗ ಬೆಳೆಯುವ ಒಂದೇ ಜಾತಿಯ ಮರವನ್ನು ಸಾಲುಸಾಲಾಗಿ ನೆಟ್ಟಿತು. ಸಸಿಯಿಂದ ಅವನ್ನು ಸಾಕಿದವಳು ಮೇಡಂ. ಬರೀ ಸಂಬಳಕ್ಕೆ ಸಾಕಿದ್ದಲ್ಲ. ತಾನು ನೆಟ್ಟ ಪ್ರತಿ ಮರವೂ ಜಗತ್ತಿನ ಜ್ವರವನ್ನು ಕೂದಲೆಳೆಯಷ್ಟಾದರೂ ಇಳಿಸುತ್ತದೆ ಎಂದು ಮನಸಾರೆ ನಂಬಿದ್ದಳು.

ಇನ್ನರ್ಧದಲ್ಲಿ ಅವಳ ತಮ್ಮನ ಕಾರುಬಾರು. ಅವನದು ಹಾಳಾದ ಜೌಗನ್ನು ಮೊದಲಿನಂತೆ ಮಾಡುವ ಸಂಸ್ಥೆ. ಅವರು ಮರ ನೆಡಲಿಲ್ಲ. ಕಾಲುವೆಗಳಿಗೆ ಒಡ್ಡು ಹಾಕಿ ನೀರು ನಿಲ್ಲಿಸಿದರು. ನೀರು ನಿಂತ ಕಡೆ ಸ್ಪಂಜಿನಂಥ ದಪ್ಪ ಹಾವಸೆ ಹಬ್ಬಿತು, ಜೊಂಡು ಎದ್ದಿತು, ಹೆಸರು ಗೊತ್ತಿಲ್ಲದ ಹುಲ್ಲುಗಳೆಲ್ಲ ತಾವಾಗಿಯೇ ಬಂದವು. ನೋಡಿದವರು ಮೂಗು ಮುರಿಯುತ್ತಿದ್ದರು. ಊರವರು ಅವನಿಗಿಟ್ಟ ಹೆಸರು ಕಪ್ಪೆ ಡಾಕ್ಟ್ರು.

ರಜೆಯ ದಿನ ಅವನು ಊಟಕ್ಕೆ ಬಂದರೆ ಅಕ್ಕ ಬಿಡುತ್ತಿರಲಿಲ್ಲ. "ನಿನ್ನ ಸೊಳ್ಳೆಗಳೆಲ್ಲ ಕ್ಷೇಮಾನೇನೋ?"

"ನನ್ನ ಕಡೆ ಮೀನಿದೆ, ಕಪ್ಪೆ ಇದೆ, ಏರೋಪ್ಲೇನ್ ಚಿಟ್ಟೆ ಇದೆ. ಸೊಳ್ಳೆ ಮೊಟ್ಟೆ ಇಟ್ರೆ ತಿನ್ನೋಕೆ ಸರದಿ ನಿಂತಿರ್ತಾವೆ. ಸೊಳ್ಳೆ ಇರೋದು ನಿನ್ನ ಕಾಲುವೇಲಿ ಅಕ್ಕ, ಪಾಪ, ಅಲ್ಲಿ ಅದಕ್ಕೆ ಶತ್ರುಗಳೇ ಇಲ್ಲ."

ಒಮ್ಮೊಮ್ಮೆ ಅವನು ನಗು ಬಿಟ್ಟು ಹೇಳುತ್ತಿದ್ದ. "ಒಣಗಿಸಿದ ಜೌಗಿನ ಮೇಲೆ ಮರ ನೆಟ್ರೆ ಏನು ಬಂತಕ್ಕ? ಮರ ಗಾಳಿಯಿಂದ ಎಳ್ಕೊಳ್ಳೋ ಇಂಗಾಲ ಲೋಟದಷ್ಟು. ಕೆಳಗೆ ಒಣಗಿದ ಮಣ್ಣು ಗಾಳಿಗೆ ಬಿಡೋದು ಕೊಡದಷ್ಟು. ನೀರಿದ್ರೆ ಆ ಮಣ್ಣು ಬೀಗ ಹಾಕಿದ ಪೆಟ್ಟಿಗೆ."

"ಹಸಿರು ಕಣ್ಣಿಗೆ ಕಾಣುತ್ತಲ್ಲೋ. ನಿನ್ನ ಪೆಟ್ಟಿಗೆ ಯಾರಿಗೆ ಕಾಣುತ್ತೆ? ಮೊದ್ಲು ಉಣ್ಣು."

ಆ ವರ್ಷ ಮಳೆ ಕೈಕೊಟ್ಟಿತ್ತು. ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು. ಕಾಲುವೆಯ ತಳ ಬಿರುಕು ಬಿಟ್ಟು ತಟ್ಟೆ ತಟ್ಟೆಯಾಗಿ ಎದ್ದಿತ್ತು. ಒಂದು ಬೆಳಗ್ಗೆ ಮೇಡಂ ಟ್ರ್ಯಾಕ್ಟರಿನಲ್ಲಿ ಸುತ್ತು ಹೊಡೆಯುವಾಗ ಸಾಲಿಗೆ ಅಡ್ಡಲಾಗಿ ಮರವೊಂದು ಬಿದ್ದಿತ್ತು. ಎಲೆಗಳು ಇನ್ನೂ ಹಚ್ಚಹಸಿರು.

ಟ್ರ್ಯಾಕ್ಟರ್ ಓಡಿಸುವವನನ್ನು ಎಲ್ಲರೂ ಸೈಲೆನ್ಸರ್ ಎನ್ನುತ್ತಿದ್ದರು, ಅವನ ಬಾಯಿ ನಿಂತದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ. "ಗಾಳಿಯಿಲ್ಲ, ಕೊಡಲಿ ಏಟಿಲ್ಲ," ಎಂದು ಅವನು ಮರವನ್ನು ಸುತ್ತು ಹಾಕಿದ. "ಇದಕ್ಕೇನಾಯ್ತು ಮೇಡಂ, ಕಾಲು ಜಾರ್ತಾ?"

ಅವಳು ನಕ್ಕು ಬುಡ ನೋಡಲು ಹೋದಳು. ಬುಡದಲ್ಲಿ ಬೇರೇ ಇರಲಿಲ್ಲ. ಬೇರು ಇರಬೇಕಾದ ಕಡೆ ಇದ್ದಿಲ ಮೋಟುಗಳು. ಕೆಳಗಿನ ಗುಂಡಿಯಲ್ಲಿ ಇಟ್ಟಿಗೆ ಬಣ್ಣದ ಸಣ್ಣ ಬೂದಿ. ಅವಳು ಬಗ್ಗಿ ಪಕ್ಕದ ನೆಲದ ಮೇಲೆ ಅಂಗೈ ಊರಿದಳು. ಯಾರೋ ಈಗಷ್ಟೇ ಎದ್ದು ಹೋದ ಕುರ್ಚಿಯಂತೆ ಅದು ಬೆಚ್ಚಗಿತ್ತು.

ಬಿಸಿಲಿಗೆ ಕಾದಿರಬೇಕು ಎಂದುಕೊಂಡಳು. ಆದರೆ ಆ ಜಾಗದಲ್ಲಿ ನೆರಳಿತ್ತು.

ಆಮೇಲೆ ದಿನವೂ ಮರ ಬೀಳತೊಡಗಿದವು. ಶೆಡ್ಡಿನ ಕಚೇರಿಯಲ್ಲಿ ಕೂತಿದ್ದರೆ ತೋಪಿನೊಳಗಿಂದ ದೊಪ್ಪೆಂದು ಮೆತ್ತನೆಯ ಸದ್ದು ಬರುತ್ತಿತ್ತು, ಮತ್ತೆ ಎಲ್ಲ ನಿಶ್ಶಬ್ದ. ಬೇರೆ ಕಡೆಯಾದರೆ ಮರ ಬಿದ್ದಾಗ ಹಕ್ಕಿಗಳು ಗಾಬರಿಯಿಂದ ಹಾರಿ ಗಲಾಟೆ ಮಾಡುತ್ತಿದ್ದವು. ಇಲ್ಲಿ ಹಾರಲು ಹಕ್ಕಿಗಳೇ ಇರಲಿಲ್ಲ. ಇಷ್ಟು ವರ್ಷ ಅದು ತನ್ನ ಗಮನಕ್ಕೇ ಬಂದಿರಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು.

ಅಗ್ನಿಶಾಮಕದವರನ್ನು ಕರೆಸಿದಳು. ಅವರು ಟ್ಯಾಂಕರ್ ತಂದು ಗುಂಡಿಗೆ ನೀರು ಬಿಟ್ಟರು. ನೆಲ ಸುಯ್ಯೆಂದು ಉಸಿರು ಬಿಟ್ಟು ಅಷ್ಟನ್ನೂ ಕುಡಿಯಿತು. ಟ್ಯಾಂಕರ್ ಬರಿದಾದ ಮೇಲೆ ಪಕ್ಕದ ಸಾಲಿನಲ್ಲಿ ಹೊಗೆಯ ಎಳೆಯೊಂದು ಎದ್ದಿತು.

"ಮೇಲಿನ ಬೆಂಕಿ ಆದ್ರೆ ಎದುರಿಗೆ ನಿಂತು ಆರಿಸ್ತೀವಿ," ಎಂದ ಅವರ ಅಧಿಕಾರಿ, ಹಣೆ ಒರೆಸಿಕೊಳ್ಳುತ್ತ. "ಇಲ್ಲಿ ಉರೀತಿರೋದು ಮಣ್ಣೇ, ಒಳಗೊಳಗೇ ಹೋಗ್ತಿದೆ. ಎಲ್ಲಿದೆ ಅಂತ ಗೊತ್ತಾದ್ರೆ ತಾನೆ? ಯಾರನ್ನೂ ಒಳಗೆ ಬಿಡ್ಬೇಡಿ."

ಅವಳು ಹಗ್ಗ ಕಟ್ಟಿಸಿದಳು. ಆದರೆ ಬಿದ್ದ ಮರಗಳು ದಾರಿಗೆ ಅಡ್ಡವಾಗಿದ್ದವು. ಟ್ಯಾಂಕರ್ ಮತ್ತೆ ಬರಬೇಕಾದರೆ ದಾರಿ ಬಿಡಿಸಲೇಬೇಕಿತ್ತು. ಸೈಲೆನ್ಸರ್ ಹೆಗಲ ಮೇಲೆ ಸರಪಳಿ ಹಾಕಿಕೊಂಡು ಹೊರಟ. ದಾರಿಯಂಚಿನಲ್ಲೇ ಇರು, ಒಳಗೆ ಕಾಲಿಡಬೇಡ ಎಂದು ಅವಳು ಒತ್ತಿ ಹೇಳಿದ್ದಳು. ಅವನು ಹಿಂದಿರುಗಿ ನೋಡದೆ ಮಾತಾಡುತ್ತಲೇ ನಡೆಯುತ್ತಿದ್ದ.

"ನಮ್ಮ ಮನೆಯೋಳು ಹೇಳ್ತಾಳೆ ಮೇಡಂ, ನೀನು ಸತ್ರೂ ನಿನ್ನ ಬಾಯಿ ಇನ್ನೂ ಸ್ವಲ್ಪ ದಿನ..."

ಮಾತು ಅಲ್ಲಿಗೇ ನಿಂತಿತು. ಅವಳು ತಲೆಯೆತ್ತಿದಳು. ಅವನ ಒಂದು ಕಾಲು ತೊಡೆಯವರೆಗೆ ನೆಲದೊಳಗಿತ್ತು. ಉರಿಯಿಲ್ಲ, ಹೊಗೆಯೂ ಇಲ್ಲ. ಅವನ ಮುಖದಲ್ಲಿ ಬರೀ ಆಶ್ಚರ್ಯ. ಆಮೇಲೆ ಅವನು ಕೂಗಿದ ಕೂಗು ಕಾಲುವೆಯಾಚೆಯ ಮನೆಗಳಿಗೂ ಕೇಳಿಸಿತಂತೆ.

ಅವಳು ನೆಲದ ಮೇಲೆ ಬೋರಲು ಮಲಗಿ ತೆವಳಿಕೊಂಡು ಹೋಗಿ ಅವನ ಕಂಕುಳಿಗೆ ಕೈ ಹಾಕಿದಳು. ಹಿಂದಿನಿಂದ ಕೆಲಸದವರು ಅವಳ ಕಾಲು ಹಿಡಿದು ಎಳೆದರು. ಹೊರಗೆ ಬಂದ ಕಾಲಿನಲ್ಲಿ ಬೂಟು ಕರಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಆಂಬುಲೆನ್ಸಿನಲ್ಲಿ ಅವನು ಅವಳ ಕೈ ಬಿಡಲಿಲ್ಲ.

"ಕೆಳಗೆ ಕೆಂಪಗಿತ್ತು ಮೇಡಂ," ಎಂದ. "ಉದ್ದಕ್ಕೂ ಕೆಂಪಗಿತ್ತು."

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೇ ಅವಳು ಹೆಡ್ ಆಫೀಸಿಗೆ ಫೋನ್ ಮಾಡಿದಳು. ಡೈರೆಕ್ಟರ್ ಸಾವಧಾನವಾಗಿ ಕೇಳಿಸಿಕೊಂಡರು. ಗಾಯಾಳುವಿನ ಬಗ್ಗೆ ಮರುಗಿದರು. ಆಮೇಲೆ ಹೇಳಿದರು:

"ಉಪಗ್ರಹದ ಚಿತ್ರ ನನ್ನ ಎದುರಿಗೇ ಇದೆಯಮ್ಮ. ನಿಮ್ಮ ತೋಪೆಲ್ಲ ಹಸಿರಾಗಿದೆ."

"ಬುಡ ಸುಟ್ಟು ನಿಂತಿರೋ ಹಸಿರು ಅದು ಸರ್. ಕಾಲುವೆ ಕಟ್ಟಿ ನೀರು ಏರಿಸ್ಬೇಕು. ಬೇರೆ ದಾರಿ ಕಾಣ್ತಿಲ್ಲ."

"ಬೇರಲ್ಲಿ ನೀರು ನಿಂತ್ರೆ ಮರ ಸಾಯುತ್ತೆ. ಅದನ್ನ ನಮಗೆ ಕಲಿಸಿದೋರೇ ನೀವು. ಮುಂದಿನ ವಾರ ಒಂದು ತಂಡ ಬರುತ್ತೆ. ಅಲ್ಲೀತನಕ ಏನೂ ಮಾಡ್ಬೇಡಿ."

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಇತ್ತೀಚೆಗೆ ಅವಳಿಗೆ ಕೆಮ್ಮು ಹತ್ತಿತ್ತು. ಮಗಳು ಹತ್ತಿರ ಬರುತ್ತಿದ್ದಂತೆ ಅವಳ ತೋಳು ಹಿಡಿದು, ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಳು.

"ಇದೇ. ನಾನು ದಿನಾ ಹೇಳ್ತಿದ್ದೆನಲ್ಲ, ಇದೇ ವಾಸನೆ."

ಮಗಳು ಸ್ಟೂಲು ಎಳೆದುಕೊಂಡು ಹತ್ತಿ, ಅಟ್ಟದ ಮೇಲಿನ ಬೆಂಕಿಪೊಟ್ಟಣ ತೆಗೆದು ಒಲೆಯ ಪಕ್ಕ ಮೊದಲಿದ್ದ ಜಾಗದಲ್ಲೇ ಇಟ್ಟಳು. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು.

ಮರುದಿನ ಬೆಳಗ್ಗೆ ಇಬ್ಬರೂ ಶೆಡ್ಡಿನ ಗೋಡೆಯ ನಕ್ಷೆಯ ಎದುರು ನಿಂತರು. ಮರ ಬಿದ್ದ ಕಡೆಯೆಲ್ಲ ಅವಳು ಗುಂಡುಪಿನ್ನು ಚುಚ್ಚಿದ್ದಳು. ಬೆಂಕಿ ಎರಡು ಕಡೆಗೆ ಕವಲೊಡೆದಿತ್ತು. ಒಂದು ತಮ್ಮನ ಜೌಗಿನ ಕಡೆಗೆ, ಇನ್ನೊಂದು ದೊಡ್ಡ ಕಾಲುವೆಯ ಕಡೆಗೆ.

"ನನ್ನ ಕಡೆ ಬಂದದ್ದು ಅಷ್ಟು ಸುಲಭವಾಗಿ ಒಳಗೆ ಬರಲ್ಲ," ಎಂದ ತಮ್ಮ. "ಹಾವಸೆ ನೀರು ಕುಡಿದು ಹಾಸಿಗೆ ಥರ ಕೂತಿದೆ. ನನ್ನ ಹೆದರಿಕೆ ಇದು." ಕಾಲುವೆಯಾಚೆಯ ಮನೆಗಳ ಮೇಲೆ ಬೆರಳಿಟ್ಟ. "ಕಾಲುವೆ ಒಣಗಿದೆ. ಅದರ ತಳದಲ್ಲೂ ಇದೇ ಮಣ್ಣು, ಆಚೆ ಮನೆಗಳ ಕೆಳಗೂ ಇದೇ ಮಣ್ಣು."

"ಕಾಲುವೆ ಬಾಯಿ ನಾನು ಕಟ್ತೀನಿ. ನೀರು?"

ಅವನು ಬೆರಳನ್ನು ನಿಧಾನವಾಗಿ ತನ್ನ ಜೌಗಿನ ಕಡೆಗೆ ಸರಿಸಿದ. ಆ ಬೇಸಿಗೆಯಲ್ಲಿ ಸುತ್ತಮುತ್ತ ನೀರಿದ್ದದ್ದು ಒಂದೇ ಕಡೆ, ಅವನ ದೊಡ್ಡ ಕೊಳದಲ್ಲಿ. ಕೊಳದ ನಡುವಿನ ಜೊಂಡಿನಲ್ಲಿ ನೀರುಹಕ್ಕಿಗಳು ಗೂಡು ಕಟ್ಟಿದ್ದವು. ಎಷ್ಟೋ ವರ್ಷಗಳ ಮೇಲೆ ಅವು ಮತ್ತೆ ಬಂದದ್ದು ಅದೇ ಮೊದಲು. ಬಂದ ದಿನ ಅವನು ಅಕ್ಕನ ಮನೆಗೆ ಸಿಹಿ ಹಿಡಿದುಕೊಂಡು ಓಡಿ ಬಂದಿದ್ದ.

"ಮರಿಗಳು ಇನ್ನೂ ಹಾರಲ್ಲ ಅಕ್ಕ," ಎಂದ. "ನೀರಿಳಿದ್ರೆ ನಾಯಿಗಳು ನಡ್ಕೊಂಡೇ ಗೂಡಿಗೆ ಹೋಗ್ತಾವೆ."

ಅವಳು ಅವನ ಕೈ ಹಿಡಿದುಕೊಂಡಳು. ಅವನೇ ಕೈ ಬಿಡಿಸಿಕೊಂಡು, ತೂಬಿನ ಕೀಲಿ ತರುತ್ತೇನೆಂದು ಹೊರಟ.

ಆ ದಿನ ಅವಳು ತನ್ನ ಕೈಯಾರೆ ನೆಟ್ಟ ಮರಗಳನ್ನು ತಾನೇ ನಿಂತು ಕಡಿಸಿದಳು. ಕಾಲುವೆಯ ದಂಡೆಯುದ್ದಕ್ಕೂ ಗರಗಸ ಕೂಗಿತು. ಕಾಂಡಗಳನ್ನು ಕಾಲುವೆಯ ಕೆಳಬಾಯಿಗೆ ಅಡ್ಡಡ್ಡ ಪೇರಿಸಿದರು. ಸುದ್ದಿ ತಿಳಿದು ಕಾಲೊನಿಯವರು ಮಣ್ಣಿನ ಚೀಲ ಹೊತ್ತುಕೊಂಡು ಬಂದರು. ಅವರಲ್ಲೊಬ್ಬ ಅಂಗಡಿಯವನು ಚೀಲ ಇಳಿಸಿ, "ಕಪ್ಪೆ ಡಾಕ್ಟ್ರ ನೀರು ಬಂದ್ರೆ ಕಪ್ಪೇನೂ ಜೊತೇಲಿ ಬರುತ್ತಾ?" ಎಂದ. ಇಬ್ಬರು ನಕ್ಕರು. ಅಷ್ಟರಲ್ಲಿ ಹಿಂದೆ ಎಲ್ಲೋ ಮರವೊಂದು ದೊಪ್ಪೆಂದಿತು, ನಗು ಅಲ್ಲಿಗೇ ಉಡುಗಿತು.

ಸಂಜೆಯ ಹೊತ್ತಿಗೆ ನೀರು ಬಂತು. ಮೊದಲು ಕಪ್ಪು ನಾಲಿಗೆಯಂತೆ ತೆಳ್ಳಗೆ, ಬಿರುಕುಗಳನ್ನು ತುಂಬುತ್ತ, ಕಸಕಡ್ಡಿ ತಳ್ಳುತ್ತ. ಆಮೇಲೆ ಅಗಲವಾಗಿ. ದಂಡೆಗೆ ಹತ್ತಿ ಬಿಸಿ ನೆಲಕ್ಕೆ ಸೋಕಿದ ಕಡೆ ಭುಸ್ಸೆಂದು ಹಬೆಯೆದ್ದಿತು. ನೀರು ಒಳಗೆ ಇಳಿಯುತ್ತಲೇ ಹೋಯಿತು. ಇಳಿದು ಇಳಿದು, ಇನ್ನು ನಿಲ್ಲುವುದೇ ಇಲ್ಲವೇನೋ ಎಂದು ಎಲ್ಲರಿಗೂ ಅನ್ನಿಸಿದ ಮೇಲೆ, ನಿಧಾನವಾಗಿ ನಿಂತಿತು.

ಕೊಳ ಖಾಲಿಯಾಗಲು ಹೆಚ್ಚು ದಿನ ಹಿಡಿಯಲಿಲ್ಲ. ತಮ್ಮ ಕೋಲು ಹಿಡಿದು ಕೆಸರಿನಲ್ಲಿ ನಿಂತು ನಾಯಿಗಳನ್ನು ಅಟ್ಟುತ್ತಿದ್ದನಂತೆ. ನಾಯಿಗಳು ಬಹಳ, ಅವನು ಒಬ್ಬ. ಅವಳು ಹೋಗಿ ನೋಡಿದಾಗ ಅವನು ಒಡ್ಡಿನ ಮೇಲೆ ಕೂತಿದ್ದ. ಮೊಣಕಾಲವರೆಗೆ ಕೆಸರು. ಅವಳು ಪಕ್ಕದಲ್ಲಿ ಕೂತಳು. ಅವನು ಅವಳ ಕಡೆ ನೋಡಲಿಲ್ಲ, ಎದ್ದು ಹೋಗಲೂ ಇಲ್ಲ.

ಅಲ್ಲಿಂದಲೇ ಅವಳು ಎರಡರ ಗಡಿಯನ್ನು ಕಂಡಳು. ಅವಳ ಕಡೆ ನೆಲ ಗುಂಡಿ ಗುಂಡಿಯಾಗಿ ಕುಸಿದು ಹೊಗೆಯಾಡುತ್ತಿತ್ತು. ಅದೇ ಬೆಂಕಿ ಅವನ ಹಾವಸೆಯ ಅಂಚಿಗೆ ಬಂದು, ಒಂದು ಮಾರು ಒಳಗೆ ನುಗ್ಗಲು ನೋಡಿ, ಅಲ್ಲಿಯೇ ಆರಿಹೋಗಿತ್ತು. ಕೊಳ ಬತ್ತಿದರೂ ಹಾವಸೆ ಹಿಂಡಿದರೆ ನೀರು ಸುರಿಯುವಷ್ಟು ಹಸಿಯಾಗಿತ್ತು. ಅಷ್ಟು ಹತ್ತಿರದಲ್ಲಿ ಕಪ್ಪೆಯೊಂದು ಕೂಗುತ್ತಿತ್ತು.

ಹೊಗೆ ಮಾತ್ರ ಕಾಲುವೆಗೆ ಹೆದರಲಿಲ್ಲ. ಶಾಲೆ ಮುಚ್ಚಿದರು. ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದರು. ಅಮ್ಮನ ಕೆಮ್ಮು ಜೋರಾಗಿ, ಆಸ್ಪತ್ರೆ ಸೇರಿಸಬೇಕಾಯಿತು. ಸೈಲೆನ್ಸರ್ ಮಲಗಿದ್ದ ವಾರ್ಡಿನ ಪಕ್ಕದಲ್ಲೇ ಅವಳಿಗೆ ಹಾಸಿಗೆ. ಮಗಳು ಹೋದಾಗ ಅಮ್ಮ ಆಕ್ಸಿಜನ್ ಮುಖವಾಡ ಸರಿಸಿ ಕೇಳಿದಳು: "ನನಗೆ ತಲೆ ಕೆಟ್ಟಿದೆ ಅಂತ ನೀನು ಅಂದ್ಕೊಂಡಿದ್ದೆ ಅಲ್ವಾ?"

"ಹೂಂ."

"ಅನ್ನಿಸುತ್ತೆ ಬಿಡು. ನನಗೇ ಅನ್ನಿಸಿತ್ತು." ಮುಖವಾಡ ಮತ್ತೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು.

ಹೆಡ್ ಆಫೀಸಿನ ತಂಡ ಬರುವ ಹೊತ್ತಿಗೆ ಉಪಗ್ರಹದ ಚಿತ್ರದಲ್ಲೂ ಹಸಿರು ಉಳಿದಿರಲಿಲ್ಲ. ಮರಗಳು ಒಂದನ್ನೊಂದು ತಳ್ಳಿಕೊಂಡು ಸಾಲುಸಾಲಾಗಿ ಮಲಗಿದ್ದವು. ಆದರೆ ಬೆಂಕಿ ಕಾಲುವೆ ದಾಟಿದ್ದು ಎಲ್ಲೂ ಕಾಣಲಿಲ್ಲ. ಕಾಲೊನಿಯ ಒಂದು ಮನೆಯೂ ಸುಡಲಿಲ್ಲ. ತಡವಾಗಿ, ಒಂದೇ ಸಮನೆ ಮಳೆ ಬಂತು. ಗುಂಡಿಗಳು ತುಂಬಿದವು. ಅಗ್ನಿಶಾಮಕದವರು ಬಂದು, ಅಲ್ಲಲ್ಲಿ ಸಲಾಕೆ ಚುಚ್ಚಿ ನೋಡಿ, ಆರಿದೆ ಎಂದರು.

ಡೈರೆಕ್ಟರ್ ಕೊಡೆ ಹಿಡಿದು ಬಂದರು. ಅಪ್ಪಣೆಯಿಲ್ಲದೆ ಕಾಲುವೆ ಕಟ್ಟಿದ್ದಕ್ಕೆ, ನಿಂತಿದ್ದ ಮರ ಕಡಿಸಿದ್ದಕ್ಕೆ ಮೇಡಂ ಕೆಲಸ ಹೋಯಿತು. ಮನೆಯೂ ಹೋಯಿತು. ಕೆಲವು ದಿನ ಕಳೆದ ಮೇಲೆ ಅದೇ ಕಂಪನಿ ಸುಟ್ಟ ನೆಲವನ್ನು ತಮ್ಮನ ಸಂಸ್ಥೆಗೆ ಒಪ್ಪಿಸಿ, ಫೋಟೋ ತೆಗೆಸಿಕೊಂಡು ಚಪ್ಪಾಳೆ ಗಿಟ್ಟಿಸಿತು. ಅದಕ್ಕೆ ಅವಳು ಬೇಸರಪಡಲಿಲ್ಲ. ಅಮ್ಮನನ್ನು ಕರೆದುಕೊಂಡು ಕಾಲೊನಿಯ ಇನ್ನೊಂದು ಬೀದಿಯಲ್ಲಿದ್ದ ತಮ್ಮನ ಮನೆಗೆ ಹೋದಳು, ಅವನ ಜೊತೆಗೇ ಕೆಲಸಕ್ಕೆ ನಿಂತಳು.

ಕೆಲಸವೆಂದರೆ ಬಿದ್ದ ಕಾಂಡಗಳಿಂದ ಕಾಲುವೆಗಳನ್ನು ಒಂದೊಂದಾಗಿ ಕಟ್ಟುವುದು. ಅವನ ಕಡೆಯಿಂದ ಹಾವಸೆಯ ಹೆಂಟೆಗಳನ್ನು ತಂದು ಸುಟ್ಟ ನೆಲಕ್ಕೆ ಹೊದಿಸುವುದು. ಜೊಂಡು, ಹುಲ್ಲು, ತಗ್ಗಿಗೆ ಒಂದು ಬಗೆ, ದಿಣ್ಣೆಗೆ ಒಂದು ಬಗೆ. ಒಂದು ಸತ್ತರೆ ಇನ್ನೊಂದು ಹಿಡಿದುಕೊಳ್ಳಲಿ ಎಂದು ತಮ್ಮ ಬಗೆಬಗೆಯದನ್ನು ಬೆರೆಸಿ ನೆಡಿಸುತ್ತಿದ್ದ. ಸುಟ್ಟುಹೋದ ಮಣ್ಣು ಮತ್ತೆ ಅಷ್ಟು ದಪ್ಪ ಕೂರಲು ಎಷ್ಟು ಕಾಲ ಬೇಕು ಎಂದು ಅವಳು ಒಮ್ಮೆ ಕೇಳಿದಳು.

"ನಾವು ಲೆಕ್ಕ ಹಾಕೋ ಕಾಲ ಅಲ್ಲ ಅದು," ಎಂದ. "ಇರೋದು ಸುಡದೆ ಉಳಿದ್ರೆ ಸಾಕು ಅಕ್ಕ."

ಸೈಲೆನ್ಸರ್ ಕುಂಟುತ್ತ ಕೆಲಸಕ್ಕೆ ಬಂದ. ಮಾತು ಮೊದಲಿನಷ್ಟೇ. ಆದರೆ ಟ್ರ್ಯಾಕ್ಟರಿನಿಂದ ಕೆಳಗಿಳಿಯುತ್ತಿರಲಿಲ್ಲ. ಊಟವನ್ನೂ ಸೀಟಿನ ಮೇಲೆ ಕೂತೇ ಮಾಡುತ್ತಿದ್ದ.

ಚಳಿ ಬಿತ್ತು. ಒಂದು ಬೆಳಗ್ಗೆ ಅವಳು ಕೆಲಸಕ್ಕೆ ಹೊರಟು ಶಾಲೆಯ ಮೈದಾನದ ಪಕ್ಕದಲ್ಲಿ ನಡೆಯುತ್ತಿದ್ದಳು. ಮಕ್ಕಳು ಇನ್ನೂ ಬಂದಿರಲಿಲ್ಲ. ಇಡೀ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಗೋಲುಕಂಬದ ಹಿಂದೆ ಮಾತ್ರ ಮಂಚದಗಲದ ಜಾಗದಲ್ಲಿ ಇಬ್ಬನಿ ಇರಲಿಲ್ಲ. ಅಲ್ಲಿ ಹುಲ್ಲು ಒಣಗಿ ಹಳದಿಯಾಗಿತ್ತು, ಅದರ ಮೇಲೊಂದು ಬೆಕ್ಕು ಮೈ ಚಾಚಿ ಮಲಗಿತ್ತು.

ಕಾವಲುಗಾರ ಗೇಟು ತೆಗೆಯುತ್ತ ಅವಳ ನೋಟ ಹೋದ ಕಡೆ ನೋಡಿ ನಕ್ಕ. "ದಿನಾ ಬೆಳಗ್ಗೆ ಅಲ್ಲೇ ಮಲಗುತ್ತೆ ಮೇಡಂ. ಎಬ್ಬಿಸಿದ್ರೂ ಏಳಲ್ಲ, ಸೋಮಾರಿ."

"ಎಷ್ಟು ದಿನದಿಂದ?"

"ಚಳಿ ಶುರುವಾದಾಗ್ನಿಂದ."

"ಗೇಟು ಹಾಕಿ," ಎಂದಳು ಅವಳು. "ಮಕ್ಕಳನ್ನ ಒಳಗೆ ಬಿಡ್ಬೇಡಿ."

ಅವಳು ತಮ್ಮನಿಗೆ ಫೋನ್ ಮಾಡಿ, ನೆಲ ಮತ್ತೆ ಒಳಗಿಂದ ಬಿಸಿಯಾಗಿದೆ ಎಂದಳು. ತಮ್ಮ ಇನ್ನೂ ನಿದ್ದೆಗಣ್ಣಿನಲ್ಲಿದ್ದ. ಎಲ್ಲಿ ಎಂದು ಕೇಳಿದ.

"ಕಾಲುವೆಯ ಈಚೆ."

"ಯಾವ ಈಚೆ?"

"ಮನೆಗಳ ಕಡೆ."

ಆ ಕಡೆಯಿಂದ ಅವನು ಮಂಚದಿಂದ ಧಡಕ್ಕನೆ ಎದ್ದ ಸದ್ದು ಕೇಳಿಸಿತು. ಬೀದಿಯ ತಿರುವಿನಲ್ಲಿ ಮಕ್ಕಳ ಮೊದಲ ಗುಂಪು ಚೆಂಡು ಒದೆಯುತ್ತ ಬರುತ್ತಿತ್ತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಗೇಟಿನ ಎದುರು ಹೋಗಿ, ಎರಡೂ ಕಂಬಗಳ ನಡುವೆ ಅಡ್ಡಲಾಗಿ ನಿಂತಳು.